ಅಂಗೈ ಮಾರಿಯೋ ಯಾಕೆ ಓಡುವುದಿಲ್ಲ

ನನ್ನ ಮಗಳು ಮಾರಿಯೋವನ್ನು ಓಡಿಸುವುದಿಲ್ಲ, ನಡೆಸುತ್ತಾಳೆ. ಹನ್ನೊಂದು ವರ್ಷದ ಹುಡುಗಿ, ನಮ್ಮ ಡೊಂಬಿವಲಿಯ ಬಿಲ್ಡಿಂಗಿನ ಮೆಟ್ಟಿಲನ್ನು ಎರಡೆರಡಾಗಿ ಹಾರುವವಳು. ಆದರೆ ನನ್ನ ಹಳೆಯ ಗೇಮ್ ಬಾಯ್ ಕಲರ್ ಕೈಗೆ ಬಂದರೆ ಮಾತ್ರ, ಮಳೆಗಾಲದಲ್ಲಿ ಸಂಕ ದಾಟುವ ಅಜ್ಜಿಯ ಹಾಗೆ ಒಂದೊಂದೇ ಹೆಜ್ಜೆ. ನಾಲ್ಕು ಹೆಜ್ಜೆ ಇಟ್ಟು ನಿಲ್ಲುತ್ತಾಳೆ. ನೋಡುತ್ತಾಳೆ. ಮತ್ತೆ ನಾಲ್ಕು ಹೆಜ್ಜೆ.

ಪಕ್ಕದಲ್ಲಿ ಕೂತ ನನಗೆ ತಡೆಯಲಾಗಲಿಲ್ಲ. ‘ಬಿ ಬಟನ್ ಒತ್ತಿ ಹಿಡ್ಕೊಂಡು ಓಡೇ, ಮುಂದೆ ಏನೂ ಇಲ್ಲ’ ಅಂದೆ.

‘ಏನೂ ಇಲ್ಲ ಅಂತ ನಿಂಗೆ ಗೊತ್ತಪ್ಪ. ನಂಗೆ ಕಾಣೋದೇ ಇಲ್ವಲ್ಲ’ ಅಂದಳು.

ಆ ಆಟದ ಬಗ್ಗೆ ನಾನು ಕೇಳಿದ ಅತ್ಯಂತ ಸರಿಯಾದ ವಿಮರ್ಶೆ ಅದು. ಇಪ್ಪತ್ತು ವರ್ಷದಿಂದ ಅದನ್ನು ಮೆಚ್ಚಿಕೊಂಡೇ ಬಂದ ನನಗೆ ಯಾಕೆ ಹೊಳೆಯಲಿಲ್ಲ ಎಂದು ಯೋಚಿಸುತ್ತ ಇದನ್ನು ಬರೆಯುತ್ತಿದ್ದೇನೆ.

ಆಟದ ಹೆಸರು ‘ಸೂಪರ್ ಮಾರಿಯೋ ಬ್ರದರ್ಸ್ ಡಿಲಕ್ಸ್’. 1985ರ ಸೆಪ್ಟೆಂಬರಿನಲ್ಲಿ ಜಪಾನಿನಲ್ಲಿ ಬಂದ ‘ಸೂಪರ್ ಮಾರಿಯೋ ಬ್ರದರ್ಸ್’ ಎಂಬ ಟಿವಿ ಆಟವನ್ನು ನಿಂಟೆಂಡೊ ಕಂಪನಿ 1999ರಲ್ಲಿ ಕೈಯಲ್ಲಿ ಹಿಡಿದು ಆಡುವ ಗೇಮ್ ಬಾಯ್ ಕಲರ್ ಸಾಧನಕ್ಕೆ ಅಳವಡಿಸಿತು. ಮೂಲ ಆಟದ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ನನ್ನ ವಯಸ್ಸಿನವರು ಹೆಸರು ಮರೆತಿದ್ದರೂ ಬೆರಳು ಮರೆತಿರುವುದಿಲ್ಲ. ಮೀಸೆಯ ಕೊಳಾಯಿ ಕೆಲಸಗಾರ, ತಿಂದರೆ ಎತ್ತರವಾಗುವ ಅಣಬೆ, ಒಳಗಿಳಿಯಬಹುದಾದ ಹಸಿರು ಪೈಪು, ಕೊನೆಗೆ ಬಾವುಟದ ಕಂಬ. ಎಂಟು ಲೋಕ, ಒಂದೊಂದರಲ್ಲಿ ನಾಲ್ಕು ಹಂತ, ಒಟ್ಟು 32.

ನಾನು ಇದನ್ನು ಮೊದಲು ಕಂಡದ್ದು ಕುಮಟಾದಲ್ಲಿ, ನಮ್ಮ ಕೇರಿಯಲ್ಲಿ ದುಬೈಯಿಂದ ಬಂದವರೊಬ್ಬರ ಮನೆಯಲ್ಲಿ. ಅಸಲಿ ನಿಂಟೆಂಡೊ ಅಲ್ಲ, ಅದರ ನಕಲು. ಆಗ ಊರೂರಲ್ಲಿ ಇದ್ದದ್ದೇ ಅವು. ಹಳದಿ ಕ್ಯಾಸೆಟ್ಟಿನ ಮೇಲೆ 9999 ಆಟ ಎಂದು ಬರೆದಿರುತ್ತಿತ್ತು, ಒಳಗೆ ಅವೇ ಏಳೆಂಟು ಆಟ ತಿರುತಿರುಗಿ ಬರುತ್ತಿದ್ದವು. ಬೇಸಿಗೆ ರಜೆಯ ಮಧ್ಯಾಹ್ನ ಒಂಬತ್ತು ಹುಡುಗರು, ಎರಡು ರಿಮೋಟು. ಒಬ್ಬ ಸತ್ತರೆ ಮುಂದಿನವನ ಪಾಳಿ. ಆಟವನ್ನು ಉಳಿಸಿಟ್ಟು ನಾಳೆ ಮುಂದುವರಿಸುವ ಸೌಲಭ್ಯ ಮೂಲದಲ್ಲಿ ಇರಲಿಲ್ಲ. ಆರನೇ ಲೋಕದವರೆಗೆ ಹೋಗಿ ಕರೆಂಟ್ ಹೋಯಿತೆಂದರೆ ಮತ್ತೆ ಒಂದನೇ ಲೋಕದ ಒಂದನೇ ಹಂತ. ಲೋಡ್ ಶೆಡ್ಡಿಂಗಿನ ಆ ವರ್ಷಗಳಲ್ಲಿ ನಮ್ಮ ದೊಡ್ಡ ವೈರಿ ಬೆಂಕಿ ಉಗುಳುವ ಬೌಸರ್ ಅಲ್ಲ, ವಿದ್ಯುತ್ ಮಂಡಳಿ. ಸತ್ತ ಮೇಲೆ ಎ ಬಟನ್ ಒತ್ತಿ ಹಿಡಿದು ಸ್ಟಾರ್ಟ್ ಒತ್ತಿದರೆ ಅದೇ ಲೋಕದ ಮೊದಲಿಂದ ಶುರುಮಾಡಬಹುದು ಎಂಬ ಗುಟ್ಟು ನನಗೆ ತಿಳಿದದ್ದು ಮದುವೆಯಾದ ಮೇಲೆ. ಆಗ ತಿಳಿದು ಏನು ಪ್ರಯೋಜನ!

ಹೀಗೆ ದಿನಾ ಮೊದಲಿಂದ ಆಡಿ ಆಡಿ ಒಂದನೇ ಲೋಕ ನಮಗೆ ಮಗ್ಗಿಯ ಹಾಗೆ ಬಾಯಿಪಾಠವಾಯಿತು. ಈ ಬಾಯಿಪಾಠದ ವಿಷಯ ನೆನಪಿಟ್ಟುಕೊಳ್ಳಿ, ಮತ್ತೆ ಬರುತ್ತದೆ.

ಆದರೆ ಮೂಲ ಆಟ ಬಾಯಿಪಾಠವನ್ನು ಬೇಡುವ ಆಟವಲ್ಲ. ಇದು ನನಗೆ ಈಗ ಸ್ಪಷ್ಟವಾಗಿದೆ. ಶಿಗೆರು ಮಿಯಾಮೊಟೊ ಮತ್ತು ತಕಾಶಿ ತೆಜುಕಾ ಅದನ್ನು ರಚಿಸಿದ್ದು ಕಣ್ಣಿಗಾಗಿ. ಮೊದಲ ಹಂತ ಶುರುವಾದಾಗ ಮಾರಿಯೋ ಎಡಗಡೆ ನಿಂತಿರುತ್ತಾನೆ, ಬಲಗಡೆ ಖಾಲಿ ಜಾಗ. ಯಾವ ಕಡೆ ಹೋಗಬೇಕೆಂದು ಯಾರೂ ಹೇಳಬೇಕಾಗಿಲ್ಲ. ಒಂದು ಗೂಂಬ ಮೆಲ್ಲಗೆ ಎದುರಿಗೆ ಬರುತ್ತದೆ. ದೂರದಿಂದಲೇ ಕಾಣುತ್ತದೆ, ಯೋಚಿಸಲು ಸಮಯವಿದೆ. ಹೊಂಡ ಬಂದರೆ ಆಚೆ ದಡ ಕಾಣುತ್ತದೆ. ಪರದೆಯ ಮೇಲೆ ಏನಿದೆಯೋ ಅದೇ ನಿನಗೆ ಕೊಟ್ಟ ಮಾಹಿತಿ, ಅದು ಸಾಕು ಎಂಬ ಒಂದು ಒಪ್ಪಂದ ಆಟಕ್ಕೂ ಆಡುವವನಿಗೂ ನಡುವೆ ಇದೆ. ಈ ಒಪ್ಪಂದ ಇರುವುದರಿಂದಲೇ ನಾವು ಬಿ ಬಟನ್ ಒತ್ತಿ ಓಡುವ ಧೈರ್ಯ ಮಾಡುತ್ತಿದ್ದೆವು. ಸತ್ತರೆ ತಪ್ಪು ನಮ್ಮದು.

ಇಡೀ ಆಟ 40 ಕಿಲೋಬೈಟ್. ನಮ್ಮ ಆಫೀಸಿನ ಇಮೇಲ್ ಸಹಿಯಲ್ಲಿರುವ ಲೋಗೋ ಅದಕ್ಕಿಂತ ದೊಡ್ಡದು. ಜಾಗ ಉಳಿಸಲು ಆಕಾಶದ ಮೋಡಕ್ಕೂ ನೆಲದ ಪೊದೆಗೂ ಒಂದೇ ಚಿತ್ರ ಬಳಸಿದ್ದಾರೆ, ಬಣ್ಣ ಮಾತ್ರ ಬೇರೆ. ಇಷ್ಟು ಜಿಪುಣತನದಲ್ಲೂ ಅವರು ಜಿಪುಣತನ ತೋರದ ಒಂದು ವಿಷಯವೆಂದರೆ ಮುಂದಿನ ದಾರಿ ಕಾಣಿಸುವುದು. (ಸಮಯದ ವಿಷಯದಲ್ಲಿ ಮಾತ್ರ ಸಣ್ಣ ಮೋಸ ಇದೆ. 400 ಎಂದು ಶುರುವಾಗುವ ಗಡಿಯಾರದ ಒಂದೊಂದು ಎಣಿಕೆಯೂ ಒಂದು ಸೆಕೆಂಡಲ್ಲ, ಅದರ ಅರ್ಧಕ್ಕಿಂತ ಕಡಿಮೆ. ಪ್ರಾಜೆಕ್ಟ್ ಪ್ಲಾನ್ ಬರೆದು ಗೊತ್ತಿರುವವರಿಗೆ ಇದು ಹೊಸದೇನಲ್ಲ.)

ಈಗ ಡಿಲಕ್ಸ್‌ಗೆ ಬರೋಣ. ಮೂಲ ಆಟದ ಪರದೆ ಅಗಲ 256 ಚುಕ್ಕೆ, ಎತ್ತರ 240. ಗೇಮ್ ಬಾಯ್ ಕಲರ್ ಪರದೆ 160 ಅಗಲ, 144 ಎತ್ತರ. ಅಂದರೆ ಮೂಲದ ಶೇಕಡಾ 37.5. ರೀಮೇಕ್ ಮಾಡುವವರ ಮುಂದೆ ಎರಡು ದಾರಿ ಇದ್ದವು. ಚಿತ್ರವನ್ನು ಕುಗ್ಗಿಸಬೇಕು, ಇಲ್ಲವೇ ಕತ್ತರಿಸಬೇಕು. ಅವರು ಕತ್ತರಿಸಿದರು. ಮಾರಿಯೋ ಮೊದಲಿನಷ್ಟೇ ದೊಡ್ಡವನು, ಇಟ್ಟಿಗೆಯೂ ಅಷ್ಟೇ. ಸುತ್ತಲಿನ ಲೋಕ ಮಾತ್ರ ಕಿಟಕಿಯಿಂದ ಕಂಡಷ್ಟು. ಕಿಟಕಿ ಮಾರಿಯೋನ ಜತೆ ಮೇಲೆ ಕೆಳಗೆ ಸರಿಯುತ್ತದೆ. ನಿಂತು ಮೇಲಿನ ಅಥವಾ ಕೆಳಗಿನ ಬಟನ್ ಒತ್ತಿದರೆ ಆ ಕಡೆ ಸ್ವಲ್ಪ ಇಣುಕಬಹುದು. ಗಮನಿಸಿ, ನಿಂತು.

ಇದರ ಪರಿಣಾಮ ಏನೆಂದು ಒಂದು ರಾತ್ರಿ ಕೂತು ಲೆಕ್ಕ ಹಾಕಿದೆ. ಒಂದು ಇಟ್ಟಿಗೆ 16 ಚುಕ್ಕೆ. ಮೂಲದಲ್ಲಿ ಪರದೆಯ ಅಗಲಕ್ಕೆ ಹದಿನಾರು ಇಟ್ಟಿಗೆ ಹಿಡಿಯುತ್ತವೆ, ಇದರಲ್ಲಿ ಹತ್ತು. ಮಾರಿಯೋ ಹೆಚ್ಚುಕಡಿಮೆ ನಡುವೆ ಇದ್ದಾನೆ ಅಂದುಕೊಂಡರೆ, ಮುಂದೆ ಕಾಣುವುದು ಅಲ್ಲಿ ಎಂಟು ಇಟ್ಟಿಗೆ, ಇಲ್ಲಿ ಐದು. ಪೂರ್ತಿ ವೇಗದಲ್ಲಿ ಓಡುವ ಮಾರಿಯೋ ಸೆಕೆಂಡಿಗೆ ಸುಮಾರು ಒಂಬತ್ತು ಇಟ್ಟಿಗೆ ದಾಟುತ್ತಾನೆ. ಟಿವಿಯಲ್ಲಿ ಹೊಂಡದ ಅಂಚು ಕಂಡ ಮೇಲೆ ನಿರ್ಧಾರಕ್ಕೆ ಮುಕ್ಕಾಲು ಸೆಕೆಂಡಿಗಿಂತ ಹೆಚ್ಚು ಸಮಯವಿದೆ, ಅಂಗೈಯಲ್ಲಿ ಅರ್ಧ ಸೆಕೆಂಡು. ಅರ್ಧ ಸೆಕೆಂಡು ಕಡಿಮೆಯೇನಲ್ಲ, ಬೆರಳಿಗೆ ಸಾಕು ಎನ್ನಬಹುದು. ಆದರೆ ಜಿಗಿತದ ಕತೆ ಬೇರೆ. ಪೂರ್ತಿ ವೇಗದಲ್ಲಿ ದೊಡ್ಡದಾಗಿ ಜಿಗಿದರೆ ಮಾರಿಯೋ ಬಂದು ಇಳಿಯುವ ಜಾಗ, ಜಿಗಿಯುವ ಗಳಿಗೆಯಲ್ಲಿ ಅಂಗೈ ಪರದೆಯ ಬಲ ಅಂಚಿನ ಆಚೆ ಇರುತ್ತದೆ. ಎಲ್ಲಿ ಇಳಿಯುತ್ತೇನೆಂದು ಕಾಣದೆ ಜಿಗಿಯಬೇಕು. ಜತೆಗೆ ಎತ್ತರಕ್ಕೆ ಹೋದಾಗ ಕಿಟಕಿಯೂ ಮೇಲೆ ಹೋಗಿ ಕೆಳಗಿನ ನೆಲವೂ ಮರೆಯಾಗಬಹುದು.

ಎಂಟನೇ ಲೋಕದ ಮೊದಲ ಹಂತ ಆಡಿದವರಿಗೆ ಇದು ಚೆನ್ನಾಗಿ ಅರ್ಥವಾದೀತು. ಅಲ್ಲಿ ಅಗಲ ಹೊಂಡದ ನಡುವೆ ಒಂದೇ ಇಟ್ಟಿಗೆಯಗಲದ ನೆಲ. ಟಿವಿಯಲ್ಲಿ ಅದು ಎದೆ ಢವಗುಟ್ಟಿಸುವ ಸವಾಲು. ಇಲ್ಲಿ, ಮೊದಲ ಸಲ ಆಡುವವರಿಗೆ ಅದು ಸವಾಲಲ್ಲ, ಲಾಟರಿ. ಸತ್ತು, ಎಲ್ಲಿ ಸತ್ತೆನೆಂದು ನೆನಪಿಟ್ಟುಕೊಂಡು, ಮತ್ತೆ ಬಂದು ದಾಟಬೇಕು.

ಹಾಗಾದರೆ ನನಗೆ ಇದು ಯಾಕೆ ಗೊತ್ತಾಗಲಿಲ್ಲ?

ಗೇಮ್ ಬಾಯ್ ನನ್ನ ಕೈಗೆ ಬಂದದ್ದು 2005ರಲ್ಲಿ. ಅಮೆರಿಕದ ಆನ್‌ಸೈಟ್ ಮುಗಿಸಿ ಬಂದ ಸಹೋದ್ಯೋಗಿಯೊಬ್ಬ ಕ್ಯಾಸೆಟ್ ಸಮೇತ ‘ನಿಂಗೆ ಬೇಕಾದ್ರೆ ಇಟ್ಕೋ’ ಎಂದು ಕೊಟ್ಟ. ನಾನಾಗ ಡೊಂಬಿವಲಿಯಲ್ಲಿ ಮನೆ ಮಾಡಿ ನವಿ ಮುಂಬೈಯ ಮಹಾಪೆಗೆ ಓಡಾಡುತ್ತಿದ್ದೆ. ಠಾಣೆಯಿಂದ ವಾಶಿಗೆ ಟ್ರಾನ್ಸ್ ಹಾರ್ಬರ್ ರೈಲು ಶುರುವಾಗಿ ಒಂದು ವರ್ಷವೂ ಆಗಿರಲಿಲ್ಲ. ಡೊಂಬಿವಲಿಯ ಬೆಳಗಿನ ಫಾಸ್ಟ್ ಲೋಕಲ್ ಗೊತ್ತಿರುವವರು ನಗುತ್ತಾರೆ, ಅದರಲ್ಲಿ ಗೇಮ್ ಬಾಯ್ ಹಿಡಿಯುವುದಿರಲಿ, ಜೇಬಿನಿಂದ ಕೈ ಹೊರತೆಗೆಯುವುದೂ ಕಷ್ಟ. ಹಾಗಾಗಿ ಎಲ್ಲ ಡೊಂಬಿವಲಿಕರರ ಹಳೆಯ ಉಪಾಯ: ಮೊದಲು ಉಲ್ಟಾ ದಿಕ್ಕಿನಲ್ಲಿ ಕಲ್ಯಾಣಕ್ಕೆ ಹೋಗಿ, ಅದೇ ಗಾಡಿಯಲ್ಲಿ ಸೀಟು ಹಿಡಿದು ವಾಪಸು ಬರುವುದು. ಪ್ಲಾಟ್‌ಫಾರ್ಮ್ ಗೇಮ್ ಎಂದರೆ ಮುಂಬೈಕರರಿಗೆ ಇದೇ ಎಂದು ನನ್ನ ಹೆಂಡತಿ ಹೇಳುವುದುಂಟು.

ಸೀಟು ಸಿಕ್ಕ ದಿನ ಗೇಮ್ ಬಾಯ್ ಹೊರಬರುತ್ತಿತ್ತು. ಎರಡು ಪೆನ್ಸಿಲ್ ಸೆಲ್ ಹಾಕಿದರೆ ವಾರ ಸಾಗುತ್ತಿತ್ತು. ಆ ಸಾಧನದ ಪರದೆಗೆ ಸ್ವಂತ ಬೆಳಕಿಲ್ಲ, ಹೊರಗಿನ ಬೆಳಕು ಬಿದ್ದರೆ ಮಾತ್ರ ಚಿತ್ರ. ಆಗ ಫಾಸ್ಟ್ ಲೋಕಲ್‌ಗಳು ಮುಂಬ್ರಾದ ಬಳಿ ಪಾರ್ಸಿಕ್ ಸುರಂಗದೊಳಗಿಂದ ಹೋಗುತ್ತಿದ್ದವು. 1916ರ ಸುರಂಗ, ಒಂದು ಕಿಲೋಮೀಟರಿಗಿಂತ ಉದ್ದ. ಗಾಡಿ ಒಳಗೆ ಹೊಕ್ಕ ಕೂಡಲೇ ಕಿಟಕಿಯ ಬಿಸಿಲು ಹೋಗಿ ಪರದೆ ಕಪ್ಪಾಗುತ್ತಿತ್ತು, ಡಬ್ಬಿಯ ಮಂಕು ದೀಪ ಅದಕ್ಕೆ ಸಾಲುತ್ತಿರಲಿಲ್ಲ. ನಾನು ಆಟ ನಿಲ್ಲಿಸುತ್ತಿರಲಿಲ್ಲ. ಒಂದನೇ ಲೋಕದ ಒಂದನೇ ಹಂತವಾದರೆ ಕತ್ತಲಲ್ಲೇ ಆಡುತ್ತಿದ್ದೆ. ಇಲ್ಲಿ ಪೈಪು, ಇಲ್ಲಿ ಇನ್ನೊಂದು, ಈಗ ಹೊಂಡ, ಜಿಗಿ. ಸುರಂಗದಿಂದ ಹೊರಬಂದಾಗ ಮಾರಿಯೋ ಬದುಕಿದ್ದರೆ ಒಳಗೊಳಗೇ ಹೆಮ್ಮೆ.

ಆ ಹೆಮ್ಮೆಯಲ್ಲೇ ಉತ್ತರ ಇತ್ತು. ಪರದೆ ಪೂರ್ತಿ ಕಾಣದಿದ್ದರೂ ಆಡಬಲ್ಲವನಿಗೆ ಪರದೆ ಮೂರನೇ ಒಂದು ಭಾಗಕ್ಕೆ ಇಳಿದರೆ ಏನು? ನಾನು ಆಡುತ್ತಿದ್ದದ್ದು ಅಂಗೈಯಲ್ಲಿದ್ದ ಆಟವನ್ನಲ್ಲ, ಕುಮಟಾದ ಆ ಮನೆಯ ಟಿವಿಯಲ್ಲಿದ್ದ ಆಟವನ್ನು. ಕತ್ತರಿಸಿ ಬಿಸಾಡಿದ ಭಾಗವನ್ನು ನನ್ನ ತಲೆ ತುಂಬಿಸಿಕೊಡುತ್ತಿತ್ತು.

ಈ ರೀಮೇಕನ್ನು ಮೆಚ್ಚಿದವರೆಲ್ಲ, ಬಹಳ ಜನ ಮೆಚ್ಚಿದ್ದಾರೆ, ಬಹುಶಃ ನನ್ನಂಥವರೇ. ಪರದೆ ಚಿಕ್ಕದಾಯಿತು ಎಂಬುದನ್ನು ಎಲ್ಲರೂ ಹೇಳುತ್ತಾರೆ, ಒಂದು ಸಾಲಿನಲ್ಲಿ, ಮದುವೆ ಊಟದಲ್ಲಿ ಸಾರಿಗೆ ಉಪ್ಪು ಸ್ವಲ್ಪ ಕಮ್ಮಿ ಎಂಬ ಹಾಗೆ. ಮೊದಲ ಸಲ ಆಡುವವರಿಗೆ ಅದು ಉಪ್ಪಿನ ಪ್ರಶ್ನೆಯಲ್ಲ. ಓಟವನ್ನೇ ನಿಲ್ಲಿಸುವ ಪ್ರಶ್ನೆ.

ಇದನ್ನು ನನಗೆ ಅರ್ಥ ಮಾಡಿಸಿದ ಇನ್ನೊಂದು ಅನುಭವ ಯಕ್ಷಗಾನದ್ದು. ಮಳೆಗಾಲದಲ್ಲಿ ಊರಲ್ಲಿ ಮೇಳಗಳಿಗೆ ರಜೆ, ಕಲಾವಿದರು ಮುಂಬೈ ಕಡೆ ಬರುತ್ತಾರೆ. ಇಲ್ಲಿ ಸಭಾಗೃಹದಲ್ಲಿ ಆಗುವುದು ಕಾಲಮಿತಿ ಆಟ. ಕೊನೆಯ ಲೋಕಲ್ ಹಿಡಿಯಬೇಕಾದ ಪ್ರೇಕ್ಷಕರಿಗೆ ಇಡೀ ರಾತ್ರಿಯ ಪ್ರಸಂಗ ಮೂರು ಗಂಟೆಯಲ್ಲಿ ಮುಗಿಯಬೇಕು. ನಾಲ್ಕು ವರ್ಷದ ಹಿಂದೆ ಒಂದು ‘ಗದಾಯುದ್ಧ’ಕ್ಕೆ ಮಗಳನ್ನು ಕರೆದುಕೊಂಡು ಹೋಗಿದ್ದೆ. ನನಗೆ ಕಣ್ಣು ತುಂಬಿ ಬಂತು. ಅವಳು ಪಕ್ಕದಲ್ಲಿ ಕೂತು ‘ಅವನು ಈಗ ಯಾಕೆ ಅಳ್ತಿದಾನೆ?’ ‘ಇವನು ಯಾರು, ಯಾವಾಗ ಬಂದ?’ ಎಂದು ಕೇಳುತ್ತಲೇ ಇದ್ದಳು. ಪ್ರಶ್ನೆಗಳೆಲ್ಲ ನ್ಯಾಯವಾದವೇ. ಬಿಟ್ಟುಹೋದ ಪದ್ಯಗಳನ್ನು ನಾನು ಮನಸ್ಸಿನಲ್ಲೇ ಸೇರಿಸಿಕೊಂಡು ನೋಡುತ್ತಿದ್ದೆ. ಅವಳ ಹತ್ತಿರ ಸೇರಿಸಿಕೊಳ್ಳಲು ಏನಿದೆ?

ಆದರೆ ಕಾಲಮಿತಿಯನ್ನು ಬೈಯಲು ನಾನು ಈ ಮಾತು ತೆಗೆಯಲಿಲ್ಲ. ಒಳ್ಳೆಯ ಭಾಗವತರು ಕಾಲಮಿತಿಗೆ ಪ್ರಸಂಗವನ್ನು ಹೊಸದಾಗಿ ಕಟ್ಟುತ್ತಾರೆ. ಯಾವ ಪದ್ಯ ಇರಬೇಕು, ಯಾವ ಕತೆಯನ್ನು ಅರ್ಥದಲ್ಲೇ ಎರಡು ಮಾತಿನಲ್ಲಿ ದಾಟಿಸಬೇಕು ಎಂದು ಕೂತು ಯೋಚಿಸುತ್ತಾರೆ. ಅಂಥ ಆಟಕ್ಕೆ ಹೊಸಬರೂ ಒಗ್ಗುತ್ತಾರೆ. ಇನ್ನು ಕೆಲವರು ಕತ್ತರಿ ಹಿಡಿದು ನಡುನಡುವೆ ಕತ್ತರಿಸುತ್ತಾರೆ. ಡಿಲಕ್ಸ್‌ನ ಮುಖ್ಯ ಆಟ ಈ ಎರಡನೇ ಜಾತಿಯದ್ದು. ಹಂತಗಳು ಇದ್ದ ಹಾಗೇ ಇವೆ, ಹೊಂಡಗಳು ಇದ್ದಲ್ಲೇ ಇವೆ, ನೋಟ ಮಾತ್ರ ಹೋಗಿದೆ.

ಬೇರೆ ರೀತಿ ಮಾಡಲು ಸಾಧ್ಯವಿತ್ತೇ? ನಿಂಟೆಂಡೊದವರೇ ಐದು ವರ್ಷ ಮೊದಲು ಮಾಡಿ ತೋರಿಸಿದ್ದರು. 1994ರಲ್ಲಿ ಹಳೆಯ ಕಪ್ಪುಬಿಳುಪು ಗೇಮ್ ಬಾಯ್‌ಗೆ ‘ಡಾಂಕಿ ಕಾಂಗ್’ ತಂದರು. ಆರ್ಕೇಡಿನ ಮೂಲ ಆಟದಲ್ಲಿ ಇದ್ದದ್ದು ನಾಲ್ಕೇ ಹಂತ. ಗೇಮ್ ಬಾಯ್ ಆಟ ಅದೇ ನಾಲ್ಕರಿಂದ ಶುರುವಾಗುತ್ತದೆ. ಮುಗಿಯಿತು ಅನ್ನುವಾಗ ಗೊರಿಲ್ಲ ಹುಡುಗಿಯನ್ನು ಎತ್ತಿಕೊಂಡು ಮತ್ತೆ ಓಡುತ್ತದೆ, ಮುಂದೆ ಇನ್ನೂ 97 ಹಂತ. ಅವೆಲ್ಲ ಆ ಚಿಕ್ಕ ಪರದೆಗೆಂದೇ ಮಾಡಿದ ಒಗಟುಗಳು. ಬೀಗದಕೈ ಎತ್ತಿಕೊಂಡು ಬಾಗಿಲು ತಲುಪಬೇಕು. ಅಲ್ಲಿ ಓಟ ಮುಖ್ಯವಲ್ಲ, ಯೋಚನೆ ಮುಖ್ಯ. ಯೋಚನೆಗೆ ಚಿಕ್ಕ ಪರದೆ ಸಾಕು. ನಮ್ಮ ಸಿನಿಮಾ ಮಂದಿ ರೀಮೇಕ್ ಮಾಡಿದಾಗಲೆಲ್ಲ ‘ನಮ್ಮ ನೇಟಿವಿಟಿಗೆ ತಕ್ಕಂತೆ ಬದಲಾಯಿಸಿದ್ದೇವೆ’ ಎನ್ನುತ್ತಾರಲ್ಲ, ಆ ಮಾತನ್ನು ನಿಜಕ್ಕೂ ಹೇಳಬಹುದಾದ ರೀಮೇಕ್ ಅದು.

ಕುಗ್ಗಿಸುವ ದಾರಿಯನ್ನೂ ಅವರು ಆಮೇಲೆ ಪರೀಕ್ಷಿಸಿದರು. 2004ರಲ್ಲಿ ಇದೇ ಮಾರಿಯೋವನ್ನು ಗೇಮ್ ಬಾಯ್ ಅಡ್ವಾನ್ಸ್‌ಗೆ ತಂದಾಗ, 160 ಚುಕ್ಕೆ ಎತ್ತರದ ಪರದೆಯಲ್ಲಿ ಹಿಡಿಸಲು ಇಡೀ ಚಿತ್ರವನ್ನು ಮೇಲಿಂದ ಒತ್ತಿದರು. ಮಾರಿಯೋ ಇಡ್ಲಿಯ ಹಾಗೆ ಚಪ್ಪಟೆ. ನೋಡಲು ಚಂದವಿಲ್ಲ, ಆದರೆ ಓಡಬಹುದು, ಮುಂದಿನ ದಾರಿ ಕಾಣುತ್ತದೆ. ನನ್ನನ್ನು ಕೇಳಿದರೆ ಅದು ಡಿಲಕ್ಸ್‌ಗಿಂತ ಪ್ರಾಮಾಣಿಕ, ಡಿಲಕ್ಸ್‌ಗಿಂತ ನೀರಸ. ಯಾಕೆ ನೀರಸ ಎಂದರೆ ಅದರಲ್ಲಿ ಹೊಸದೇನೂ ಇಲ್ಲ. 2020ರಲ್ಲಿ ಮೂವತ್ತೈದನೇ ವರ್ಷದ ನೆನಪಿಗೆಂದು ಬಂದ ಪುಟ್ಟ ‘ಗೇಮ್ ಆ್ಯಂಡ್ ವಾಚ್’ ಸಾಧನದಲ್ಲೂ ಇಡೀ ಆಟ ಇದೆ, ಪರದೆ 2.36 ಇಂಚು. ನಲವತ್ತು ದಾಟಿದವರು ಕನ್ನಡಕ ಹುಡುಕಬೇಕು.

ಡಿಲಕ್ಸ್‌ನಲ್ಲಿ ಹೊಸದು ಬಹಳ ಇದೆ. ಇಲ್ಲಿಂದ ಮುಂದೆ ಅದರ ಪರವಾಗಿ ಮಾತಾಡಬೇಕು.

ಮೊದಲನೆಯದು, ಉಳಿಸುವ ಸೌಲಭ್ಯ. ಹಂತ ಮುಗಿದ ಮೇಲೆ ಉಳಿಸಿಟ್ಟು ಕೋಪರಖೈರಣೆಯಲ್ಲಿ ಇಳಿದು ಶೇರ್ ಆಟೋ ಹಿಡಿಯಬಹುದು, ಸಂಜೆ ಅಲ್ಲಿಂದಲೇ ಮುಂದುವರಿಸಬಹುದು. ಲೋಕಲ್‌ನಲ್ಲಿ ಓಡಾಡುವವನಿಗೆ ಇದು ವರ. ಆದರೆ ಇದರಿಂದಲೂ ಒಂದು ತೊಡಕಾಯಿತು. ನಾವು ಒಂದನೇ ಲೋಕವನ್ನು ಬಾಯಿಪಾಠ ಮಾಡಿದ್ದು ಕರೆಂಟ್ ಹೋಗುತ್ತಿದ್ದುದರಿಂದ. ಉಳಿಸಿಟ್ಟು ಮುಂದೆ ಹೋಗುವ ನನ್ನ ಮಗಳಿಗೆ ಹಿಂದಿನ ಹಂತ ಮತ್ತೆ ಆಡುವ ಅಗತ್ಯವೇ ಇಲ್ಲ, ಹಾಗಾಗಿ ಅವಳಿಗೆ ಯಾವುದೂ ಬಾಯಿಪಾಠವಾಗುವುದಿಲ್ಲ. ನೋಟವನ್ನು ಕಿತ್ತುಕೊಂಡು ನೆನಪನ್ನು ಬೇಡುವ ಆಟ, ನೆನಪು ಕೂಡುವ ದಾರಿಯನ್ನೂ ಮುಚ್ಚಿದೆ.

ಎರಡನೆಯದು, ಚಾಲೆಂಜ್ ಎಂಬ ವಿಭಾಗ. ಅದೇ 32 ಹಂತ, ಆದರೆ ಒಂದೊಂದರಲ್ಲೂ ಐದು ಕೆಂಪು ನಾಣ್ಯ, ಎಲ್ಲೋ ಅಡಗಿಸಿಟ್ಟ ಒಂದು ಯೋಶಿ ಮೊಟ್ಟೆ, ದಾಟಬೇಕಾದ ಒಂದು ಅಂಕದ ಗುರಿ. ನಾನು ಇದನ್ನು ಮಕ್ಕಳಾಟ ಎಂದು ಎಂದೂ ಗಂಭೀರವಾಗಿ ಆಡಿರಲಿಲ್ಲ. ಮಗಳು ಅದರಲ್ಲೇ ಮುಳುಗಿದಳು. ಗೋಡೆ ಗೋಡೆ ತಟ್ಟುತ್ತ, ಮೇಲೆ ಕೆಳಗೆ ಇಣುಕುತ್ತ, ಮನೆಯಲ್ಲಿ ಕಳೆದ ಕಿವಿಯೋಲೆ ಹುಡುಕುವ ಹಾಗೆ ಹಂತಗಳನ್ನು ಜಾಲಾಡಿದಳು. ಮೂವತ್ತು ವರ್ಷದಿಂದ ನಾನು ಓಡಿಕೊಂಡು ದಾಟುತ್ತಿದ್ದ ಒಂದು ಮೂಲೆಯಲ್ಲಿ ನಿಂತು ಖಾಲಿ ಗಾಳಿಗೆ ತಲೆ ಕೊಟ್ಟು ಮೊಟ್ಟೆ ಬೀಳಿಸಿ, ‘ಅಪ್ಪ, ಇದು ನಿಂಗೆ ಗೊತ್ತಿತ್ತಾ?’ ಎಂದಳು. ಗೊತ್ತಿರಲಿಲ್ಲ.

ಹುಡುಕಾಟಕ್ಕೆ ಆ ಕಿಟಕಿ ಸರಿಹೊಂದುತ್ತದೆ. ಪೂರ್ತಿ ಕಾಣದಿರುವುದೇ ಅಲ್ಲಿ ಆಟದ ಸ್ವಾರಸ್ಯ. ಅಂದರೆ ಈ ರೀಮೇಕ್ ಚೆನ್ನಾಗಿರುವುದು ಅದು 1985ರ ಆಟವಾಗಿರಲು ಪ್ರಯತ್ನಿಸುವಲ್ಲಿ ಅಲ್ಲ, ಅದನ್ನು ಬಿಟ್ಟುಕೊಟ್ಟಲ್ಲಿ. ಒಂದು ಲಕ್ಷ ಅಂಕ ಗಳಿಸಿದರೆ ‘ಬೂ’ ಎಂಬ ದೆವ್ವದ ಜತೆ ಓಟದ ಪಂದ್ಯ ತೆರೆಯುತ್ತದೆ, ಮೂರು ಲಕ್ಷಕ್ಕೆ ಮೂಲದ ಎರಡನೇ ಭಾಗ. ಈ ಎರಡನೇ ಭಾಗ 1986ರಲ್ಲಿ ಜಪಾನಿನಲ್ಲಿ ಬಂದಾಗ ಬಲು ಕಷ್ಟವೆಂದು ಅಮೆರಿಕಕ್ಕೆ ಕಳಿಸಿರಲಿಲ್ಲ. ಟಿವಿಯಲ್ಲೇ ಪ್ರಾಣ ಹಿಂಡುವ ಆ ಹಂತಗಳನ್ನು ಈ ಕಿಟಕಿಯಲ್ಲಿ ಆಡಿಸುವುದು, ಅದರ ಕೊನೆಯ ಗುಪ್ತ ಲೋಕಗಳನ್ನು ಕೈಬಿಟ್ಟಿದ್ದರೂ, ಕ್ರೌರ್ಯ ಎಂದೇ ನನ್ನ ಅಭಿಪ್ರಾಯ. ನಾನು ಒಂದು ಮಳೆಗಾಲ ಪೂರ್ತಿ ಆಡಿ ಮುಗಿಸಿದ್ದೆ, ಅದು ಬೇರೆ ಮಾತು.

ಮುಗಿಸಿದ್ದೆ ಎನ್ನಲು ಈಗ ಸಾಕ್ಷಿ ಇಲ್ಲ. ಈ ಕ್ಯಾಸೆಟ್ಟಿನೊಳಗೆ ಉಳಿಸಿದ ಆಟವನ್ನು ಕಾಯುವುದು ಒಂದು ಗುಂಡು ಸೆಲ್. ಅದು ಸತ್ತರೆ ಎಲ್ಲ ಅಳಿಸಿಹೋಗುತ್ತದೆ. ಮಗಳಿಗೆ ತೋರಿಸೋಣವೆಂದು ವರ್ಷಗಳ ಮೇಲೆ ಕಪಾಟಿನಿಂದ ತೆಗೆದಾಗ ಮೂರೂ ಫೈಲ್ ಖಾಲಿ. ಕಲ್ಯಾಣ ಸ್ಟೇಷನ್ ಹತ್ತಿರದ ಒಬ್ಬ ಮೊಬೈಲ್ ರಿಪೇರಿ ಹುಡುಗ ಕ್ಯಾಸೆಟ್ ಬಿಚ್ಚಿ, ಹಳೆಯ ಸೆಲ್ ಕಿತ್ತು, ಹೊಸದನ್ನು ಬೆಸುಗೆ ಹಾಕಿಕೊಟ್ಟ. ‘ಒಳಗೆ ಇದ್ದದ್ದು?’ ಎಂದು ಹಿಂದಿಯಲ್ಲಿ ಕೇಳಿದೆ. ನನ್ನ ಮುಖವನ್ನೊಮ್ಮೆ ನೋಡಿ, ‘ಅಂಕಲ್, ಅದು ಯಾವಾಗಲೋ ಹೋಗಿದೆ’ ಎಂದ. ಅಂಕಲ್ ಎಂದದ್ದಕ್ಕೋ ಹೋದದ್ದಕ್ಕೋ, ಸ್ವಲ್ಪ ಬೇಜಾರಾಯಿತು.

ಮಗಳ ಮಾತು ಕೇಳಿದ ಮೇಲೆ ಒಂದು ಪ್ರಯೋಗ ಮಾಡಬೇಕೆನಿಸಿತು. ಉಲ್ಹಾಸನಗರದಲ್ಲಿ ಟಿವಿಗೆ ಸಿಕ್ಕಿಸುವ ನಕಲು ವಿಡಿಯೋ ಗೇಮ್ ಇನ್ನೂ ಸಿಗುತ್ತದೆ. ಅಲ್ಲಿ ಏನು ತಾನೇ ಸಿಗುವುದಿಲ್ಲ! ಒಂದು ತಂದು ಹಾಲಿನ ಟಿವಿಗೆ ಹಾಕಿಕೊಟ್ಟೆ, ಬಾಯಿ ಮುಚ್ಚಿಕೊಂಡು ಹಿಂದೆ ಕೂತೆ. ಮೊದಲೆರಡು ದಿನ ಅದೇ ಅಜ್ಜಿ ನಡಿಗೆ. ಅಭ್ಯಾಸ ಬೇಗ ಹೋಗುವುದಿಲ್ಲ. ಮೂರನೇ ದಿನ ಒಂದನೇ ಲೋಕದ ಮೂರನೇ ಹಂತದಲ್ಲಿ, ಆ ಮರದ ಕೊಡೆಗಳ ಮೇಲೆ, ಯಾರೂ ಹೇಳದೆ ಬಿ ಬಟನ್ ಒತ್ತಿ ಹಿಡಿದಳು. ಓಡಿದಳು. ಮೂರು ಕೊಡೆ ದಾಟಿ ನಾಲ್ಕನೆಯದು ತಪ್ಪಿ ಕೆಳಗೆ ಬಿದ್ದಳು. ಅಂಗೈ ಆಟದಲ್ಲಿ ಬಿದ್ದಾಗಲೆಲ್ಲ ‘ಇದು ಚೀಟಿಂಗ್’ ಎಂದು ಸಾಧನವನ್ನು ಸೋಫಾದ ಮೇಲೆ ಎಸೆಯುತ್ತಿದ್ದವಳು ಈ ಸಲ ಜೋರಾಗಿ ನಕ್ಕಳು. ‘ಕಂಡಿತ್ತು ಅಪ್ಪ, ನಾನೇ ಲೇಟ್ ಜಂಪ್ ಮಾಡ್ದೆ’ ಎಂದಳು.

ಆಮೇಲೆ ಅವಳು ಟಿವಿ ಆಟಕ್ಕೇ ಅಂಟಿಕೊಂಡಳು, ಗೇಮ್ ಬಾಯ್ ಮತ್ತೆ ಕಪಾಟು ಸೇರಿತು ಎಂದುಕೊಂಡಿರಾ? ನಾನೂ ಹಾಗೇ ಅಂದುಕೊಂಡಿದ್ದೆ. ಟಿವಿಯಲ್ಲಿ ಎರಡು ವಾರ ಆಡಿ ನಾಲ್ಕನೇ ಲೋಕದವರೆಗೆ ಹೋಗಿ ಬಿಟ್ಟಳು. ‘ಅದ್ರಲ್ಲಿ ಮೊಟ್ಟೆ ಇಲ್ಲ’ ಎಂಬುದು ಕಾರಣ. ಈಗ ಮತ್ತೆ ಗೇಮ್ ಬಾಯ್ ಹಿಡಿದು ಕೂರುತ್ತಾಳೆ, ಕೆಂಪು ನಾಣ್ಯ ಹುಡುಕುತ್ತಾಳೆ. ಒಂದು ವ್ಯತ್ಯಾಸ ಇದೆ. ಟಿವಿಯಲ್ಲಿ ಕಂಡ ಹಂತಗಳಲ್ಲಿ, ನಾಲ್ಕನೇ ಲೋಕದವರೆಗೆ, ಅಂಗೈಯಲ್ಲೂ ಓಡುತ್ತಾಳೆ. ಐದನೆಯದು ಶುರುವಾದ ಕೂಡಲೇ ಮತ್ತೆ ನಾಲ್ಕು ಹೆಜ್ಜೆ, ನಿಲ್ಲುವುದು, ಇಣುಕುವುದು.

ಅವಳ ಅಂಕ ಈಗ ತೊಂಬತ್ತು ಸಾವಿರದ ಆಸುಪಾಸಿನಲ್ಲಿದೆ. ಇನ್ನು ಹತ್ತು ಸಾವಿರ ಆದರೆ ಬೂ ಜತೆ ಪಂದ್ಯ ತೆರೆಯುತ್ತದೆ. ಆ ಪಂದ್ಯದಲ್ಲಿ ನಿಂತು ನೋಡುತ್ತ ಕೂತರೆ ನಡೆಯುವುದಿಲ್ಲ, ದೆವ್ವ ಕಾಯುವುದಿಲ್ಲ ಎಂದು ಮೊನ್ನೆ ಹೇಳಿದೆ. ‘ಹಾಗಾದ್ರೆ ಮೊದ್ಲು ನೀನು ಆಡು, ನಾನು ನೋಡ್ಕೋತೀನಿ’ ಎಂದಳು.